ಬಿಸಿಯಾದರೆ ನಿಲ್ಲುತ್ತದೆ, ತಣ್ಣಗಾದರೆ ಓಡುತ್ತದೆ: ಬೈಕಿನ ಈ ಕಣ್ಣಾಮುಚ್ಚಾಲೆ ಹಿಡಿಯುವುದು ಹೇಗೆ?

ಪ್ರಶ್ನೆ: ನನ್ನದು ಎಂಟು ವರ್ಷ ಹಳೆಯ 150 ಸಿಸಿ ಬೈಕು, ಕಾರ್ಬುರೇಟರ್ ಇರುವಂಥದ್ದು. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಅರ್ಧ ಗಂಟೆ ಓಡಿಸಿದ ಮೇಲೆ ಇದ್ದಕ್ಕಿದ್ದಂತೆ ಆಫ್ ಆಗುತ್ತದೆ. ನ್ಯೂಟ್ರಲ್ ಲೈಟು ಉರಿಯುತ್ತದೆ, ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ. ಹತ್ತು-ಹದಿನೈದು ನಿಮಿಷ ಬಿಟ್ಟರೆ ಏನೂ ಆಗೇ ಇಲ್ಲ ಅನ್ನುವಂತೆ ಸ್ಟಾರ್ಟ್ ಆಗುತ್ತದೆ. ದಿನಾ ಹೀಗಾಗುವುದಿಲ್ಲ. ಪ್ಲಗ್ ಹೊಸದು ಹಾಕಿಸಿದೆ, ಕಾರ್ಬುರೇಟರ್ ಎರಡು ಸಲ ಕ್ಲೀನ್ ಆಯಿತು, ಪೆಟ್ರೋಲ್ ಫಿಲ್ಟರ್ ಮತ್ತು ಬ್ಯಾಟರಿ ಕೂಡ ಬದಲಾಯಿತು. ಗ್ಯಾರೇಜಿನಲ್ಲಿ ಒಂದು ಸಲವೂ ಆಫ್ ಆಗುವುದಿಲ್ಲ. ಹಾಂ, ಒಂದೆರಡು ಸಲ ಓಡುತ್ತಿರುವಾಗಲೇ ಒಂದು ಕ್ಷಣ ಬಂದ್ ಆಗಿ, ಸೈಲೆನ್ಸರಿನಿಂದ ಢಬ್ ಅಂತ ಶಬ್ದ ಬಂದು, ತಾನೇ ಎತ್ತಿಕೊಂಡಿದ್ದೂ ಉಂಟು. ಈಗ ಸಿಡಿಐ (ಸ್ಪಾರ್ಕ್ ಹೊಡೆಸುವ ಎಲೆಕ್ಟ್ರಾನಿಕ್ ಡಬ್ಬಿ) ಬದಲಾಯಿಸೋಣ ಅನ್ನುತ್ತಿದ್ದಾರೆ. ಬದಲಾಯಿಸಲೇ?

ಉತ್ತರ: ಈಗಲೇ ಬೇಡ. ಸಿಡಿಐ ಕೆಟ್ಟಿರಲಾರದು ಅಂತಲ್ಲ. ಅದು ಕೆಟ್ಟಿದೆ ಅನ್ನುವುದಕ್ಕೆ ಇಲ್ಲಿಯವರೆಗೆ ಯಾರ ಹತ್ತಿರವೂ ಸಾಕ್ಷಿ ಇಲ್ಲ. ಪ್ಲಗ್, ಫಿಲ್ಟರ್, ಬ್ಯಾಟರಿ ಎಲ್ಲವೂ ಬೈಕು ಚೆನ್ನಾಗಿ ಓಡುತ್ತಿದ್ದಾಗ ಅಂದಾಜಿನ ಮೇಲೆ ಬದಲಾದವು. ಬೈಕು ಸರಿ ಇರುವಾಗ ಯಾವ ಭಾಗವನ್ನು ನೋಡಿದರೂ ಸರಿ ಇದೆ ಅಂತಲೇ ತೋರಿಸುತ್ತದೆ. ನಿಮಗೆ ಸಿಗುವುದು ಆಫ್ ಆದ ಮೇಲಿನ ಆ ಹತ್ತು-ಹದಿನೈದು ನಿಮಿಷ ಮಾತ್ರ. ಆಗ ದೋಷ ಕಣ್ಣೆದುರೇ ಇರುತ್ತದೆ. ಆ ಹೊತ್ತಿನಲ್ಲಿ ನೆರಳು ಹುಡುಕಿಕೊಂಡು ಸುಮ್ನೆ ಕೂತರೆ, ಅದು ತಣ್ಣಗಾಗಿ ಮತ್ತೆ ಅಡಗಿಕೊಳ್ಳುತ್ತದೆ.

ನೀವು ಕೊನೆಯಲ್ಲಿ 'ಹಾಂ' ಅಂತ ಸೇರಿಸಿದ್ದೀರಲ್ಲ, ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಅದೇ. ಓಡುವ ಬೈಕಿನಲ್ಲಿ ಸ್ಪಾರ್ಕ್ ನಿಂತರೂ ಚಕ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ. ಕಾರ್ಬುರೇಟರ್ ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಉರಿಯದ ಪೆಟ್ರೋಲ್ ಆವಿ ಬಿಸಿ ಸೈಲೆನ್ಸರಿನಲ್ಲಿ ಹೋಗಿ ತುಂಬಿಕೊಳ್ಳುತ್ತದೆ. ಸ್ಪಾರ್ಕ್ ವಾಪಸ್ ಬಂದ ಕೂಡಲೇ ಅದೆಲ್ಲಾ ಒಟ್ಟಿಗೆ ಹೊತ್ತಿಕೊಂಡು ಢಬ್ ಅನ್ನುತ್ತದೆ. ಪೆಟ್ರೋಲ್ ಬರದೆ ನಿಂತಿದ್ದರೆ ಸೈಲೆನ್ಸರಿನಲ್ಲಿ ಇಷ್ಟು ಜೋರಾಗಿ ಹೊತ್ತಿಕೊಳ್ಳಲು ಸಾಮಾನ್ಯವಾಗಿ ಏನೂ ಇರುವುದಿಲ್ಲ. ಆಕ್ಸಿಲರೇಟರ್ ಬಿಟ್ಟಾಗ ಬರುವ ಸಣ್ಣ ಪಟಪಟ ಸದ್ದಿನ ಕಥೆ ಬೇರೆ, ಅದನ್ನು ಇದರ ಜೊತೆ ಸೇರಿಸಬೇಡಿ. ಹಾಗಾಗಿ ನನ್ನ ಅನುಮಾನ ಸ್ಪಾರ್ಕಿನ ಕಡೆಗೇ. ಆದರೆ ಅನುಮಾನ ಅನುಮಾನವೇ, ರಸ್ತೆಯಲ್ಲಿ ಖಚಿತ ಮಾಡಿಕೊಳ್ಳಬೇಕು.

ಬೈಕು ಹೇಗೆ ನಿಂತಿತು ಅನ್ನುವುದನ್ನು ಮುಂದಿನ ಸಲ ಗಮನ ಕೊಟ್ಟು ನೋಡಿ. ಪೆಟ್ರೋಲ್ ಸಾಲದೆ ನಿಲ್ಲುವ ಬೈಕು ಗಕ್ಕನೆ ನಿಲ್ಲುವುದು ಕಡಿಮೆ. ಕಾರ್ಬುರೇಟರಿನ ಬೌಲ್‌ನಲ್ಲಿ ಸ್ವಲ್ಪ ಪೆಟ್ರೋಲ್ ಉಳಿದೇ ಇರುತ್ತದೆ. ಅದು ಇಳಿಯುತ್ತಾ ಹೋದಂತೆ ಮೊದಲು ಪಿಕಪ್ ಹೋಗುತ್ತದೆ, ಜೋರಾಗಿ ಆಕ್ಸಿಲರೇಟರ್ ಕೊಟ್ಟರೆ ಇನ್ನೂ ಮಂಕಾಗುತ್ತದೆ, ಜೆರ್ಕ್ ಹೊಡೆಯುತ್ತದೆ, ಆಮೇಲೆ ಸಾಯುತ್ತದೆ. ಆ ಹೊತ್ತಿನಲ್ಲಿ ಚೋಕ್ ಎಳೆದರೆ ಸ್ವಲ್ಪ ಚೇತರಿಸಿಕೊಂಡರೂ ಚೇತರಿಸಿಕೊಳ್ಳಬಹುದು. ಸ್ಪಾರ್ಕ್ ಹೋದರೆ ಹಾಗಲ್ಲ, ಯಾರೋ ಕೀ ತಿರುಗಿಸಿ ಆಫ್ ಮಾಡಿದ ಹಾಗೆ ನಿಲ್ಲುತ್ತದೆ. ನಿಮ್ಮ ಮೀಟರಿನಲ್ಲಿ ಎಲೆಕ್ಟ್ರಾನಿಕ್ ಆರ್‌ಪಿಎಂ ಮುಳ್ಳು ಇದ್ದರೆ ಅದನ್ನೂ ನೋಡಿ. ಬೈಕು ಇನ್ನೂ ಗೇರಿನಲ್ಲಿ ಉರುಳುತ್ತಿರುವಾಗಲೇ, ಅಂದರೆ ಎಂಜಿನ್ ತಿರುಗುತ್ತಿರುವಾಗಲೇ ಮುಳ್ಳು ಧೊಪ್ಪನೆ ಸೊನ್ನೆಗೆ ಬಿದ್ದರೆ ಇಗ್ನಿಷನ್ ಕಡೆಯ ಸಿಗ್ನಲ್ ಹೋಗಿದೆ ಅಂತ ಅರ್ಥ. ವೇಗದ ಜೊತೆ ನಿಧಾನವಾಗಿ ಇಳಿದರೆ ಸಿಗ್ನಲ್ ಇದೆ, ಬೇರೆ ಏನೋ ಕೈ ಕೊಟ್ಟಿದೆ. ಇದನ್ನೆಲ್ಲಾ ನೋಡುವುದು ಒಂದು ಕ್ಷಣದ ಕೆಲಸ. ಆಮೇಲೆ ಕ್ಲಚ್ ಹಿಡಿದು, ಹಿಂದೆ ಯಾರು ಬರುತ್ತಿದ್ದಾರೆ ನೋಡಿಕೊಂಡು ಪಕ್ಕಕ್ಕೆ ಬನ್ನಿ.

ರಸ್ತೆಗೆ ಹೋಗುವ ಮುಂಚೆ ಮನೆಯಲ್ಲಿ ಸ್ವಲ್ಪ ತಯಾರಿ ಬೇಕು. ಒಂದು ಸ್ಪೇರ್ ಪ್ಲಗ್, ಸಣ್ಣ ಮಲ್ಟಿಮೀಟರ್, ಸ್ಕ್ರೂಡ್ರೈವರ್, ಪ್ಲಗ್ ಸ್ಪ್ಯಾನರ್, ಪೆಟ್ರೋಲ್ ಹಿಡಿಯಲು ಒಂದು ಚಿಕ್ಕ ಡಬ್ಬಿ, ಹಳೆ ಬಟ್ಟೆ, ನೀರಿನ ಬಾಟಲಿ ಇಟ್ಟುಕೊಳ್ಳಿ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ತಣ್ಣಗಿರುವ ಬೈಕಿನಲ್ಲಿ ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡುವ ಎಚ್‌ಟಿ ಕಾಯಿಲ್ ಎಲ್ಲಿದೆ, ಪಿಕಪ್ ಕಾಯಿಲಿನ ವೈರು ಎಂಜಿನ್ನಿನಿಂದ ಹೊರಗೆ ಬಂದು ಯಾವ ಕಪ್ಲರಿಗೆ ಸೇರುತ್ತದೆ ಅಂತ ಹುಡುಕಿಡಿ. ಯಾವಾಗ ಕಿಡಿ ಹಾರಿಸಬೇಕು ಅಂತ ಸಿಡಿಐಗೆ ಸಿಗ್ನಲ್ ಕೊಡುವ ಈ ಪಿಕಪ್ ಕಾಯಿಲನ್ನೇ ಕೆಲವರು ಪಲ್ಸರ್ ಕಾಯಿಲ್ ಅನ್ನುತ್ತಾರೆ. ಕಪ್ಲರ್ ಬಿಚ್ಚಿ ಎರಡೂ ಕಾಯಿಲುಗಳ ಓಮ್ಸ್ ಅಳೆದು ಒಂದು ಚೀಟಿಯಲ್ಲಿ ಬರೆದಿಡಿ. ಪಿಕಪ್ ಕಾಯಿಲ್ ಸಾಮಾನ್ಯವಾಗಿ ನೂರು-ಇನ್ನೂರು ಓಮ್ಸ್ ಆಸುಪಾಸು ಇರುತ್ತದೆ, ಕೆಲವು ಬೈಕುಗಳಲ್ಲಿ ಇನ್ನೂ ಜಾಸ್ತಿ. ನಿಮ್ಮ ಬೈಕಿನ ಸರಿಯಾದ ಅಳತೆ ಅದರ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ಪುಸ್ತಕ ಸಿಗದಿದ್ದರೂ ನಿಮ್ಮ ಚೀಟಿ ಇದ್ದರೆ ಕೆಲಸ ನಡೆಯುತ್ತದೆ.

ಈಗ ಬೈಕು ನಿಂತಿತು ಅಂತಿಟ್ಟುಕೊಳ್ಳಿ. ಮೊದಲು ಕಿಕ್ಕರ್ ಇದ್ದರೆ ಕೈಯಲ್ಲೇ ಒಮ್ಮೆ ಒತ್ತಿ ನೋಡಿ. ಎಂದಿನ ಹಾಗೆ ಹೋಗದೆ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಬೇರೆ ಏನೂ ಮಾಡಬೇಡಿ. ಅದು ಎಂಜಿನ್ ಬಿಸಿಯಾಗಿ ಪಿಸ್ಟನ್ ಹಿಡಿಯುತ್ತಿರುವ ಲಕ್ಷಣ, ಆಯಿಲ್ ನೋಡದೆ ಮತ್ತೆ ಸ್ಟಾರ್ಟ್ ಮಾಡಲೇಬಾರದು. ನಿಮ್ಮ ಬೈಕಿನಲ್ಲಿ ಸೆಲ್ಫ್ ಹೊಡೆದರೆ ಎಂಜಿನ್ ಸಲೀಸಾಗಿ ತಿರುಗುತ್ತಿದೆ ಅಂದಿದ್ದೀರಿ, ಹಾಗಾಗಿ ಇದು ಇರಲಾರದು.

ಆಮೇಲೆ ನೇರವಾಗಿ ಸ್ಪಾರ್ಕ್. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯುವ ಮುಂಚೆಯೇ ಸ್ಪಾರ್ಕ್ ನೋಡಬೇಕು. ಕಾರಣ ಎರಡು. ಕಾಯಿಲ್ ತಣ್ಣಗಾಗುತ್ತಾ ಇರುತ್ತದೆ, ಕಾಯುವಂತಿಲ್ಲ. ಇನ್ನೊಂದು, ಪೆಟ್ರೋಲ್ ಆವಿ ಹರಡಿರುವ ಕಡೆ ಕಿಡಿ ಹಾರಿಸುವುದು ಒಳ್ಳೆಯದಲ್ಲ. ಬಿಸಿ ಎಂಜಿನ್ನಿನಿಂದ ಪ್ಲಗ್ ಬಿಚ್ಚುವುದೂ ಬೇಡ. ಕ್ಯಾಪ್ ಮಾತ್ರ ಎಳೆದು, ಅದಕ್ಕೆ ಸ್ಪೇರ್ ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್ನಿನ ಪೇಂಟ್ ಇಲ್ಲದ ಜಾಗಕ್ಕೆ ಗಟ್ಟಿಯಾಗಿ ತಾಗುವಂತೆ ಒರಗಿಸಿ. ಕೈಯಲ್ಲಿ ಹಿಡಿಯಬೇಡಿ, ಕೆಟ್ಟ ಶಾಕ್ ಹೊಡೆಯುತ್ತದೆ. ಕ್ಯಾಪನ್ನು ಎಲ್ಲಿಗೂ ತಾಗಿಸದೆ ಗಾಳಿಯಲ್ಲಿ ಬಿಟ್ಟು ಸೆಲ್ಫ್ ಹೊಡೆಯಲೂಬೇಡಿ. ಕರೆಂಟಿಗೆ ಹೋಗಲು ದಾರಿ ಸಿಗದೆ ಸಿಡಿಐ ಅಥವಾ ಕಾಯಿಲ್ ಸುಟ್ಟುಹೋಗಬಹುದು. ಬಿಸಿಲಿದ್ದರೆ ಪ್ಲಗ್ಗಿಗೆ ನೆರಳು ಮಾಡಿ ಸೆಲ್ಫ್ ಒತ್ತಿ. ನೀಲಿ ಬಣ್ಣದ, ಚಟಚಟ ಸದ್ದಿನ ಕಿಡಿ ಬಂದರೆ ಸ್ಪಾರ್ಕ್ ಇದೆ. ಏನೂ ಇಲ್ಲದಿದ್ದರೆ, ಅಥವಾ ಒಮ್ಮೆ ಬಂದು ಒಮ್ಮೆ ಬರದಿದ್ದರೆ, ಪೆಟ್ರೋಲ್ ಕಡೆ ಮತ್ತೆ ತಿರುಗಿಯೂ ನೋಡಬೇಡಿ.

ಸ್ಪಾರ್ಕ್ ಇಲ್ಲ ಅಂತಾದರೆ ಮುಂದಿನ ಎರಡು ನಿಮಿಷ ಪಿಕಪ್ ಕಾಯಿಲಿಗೆ ಕೊಡಿ. ಇಂಥ ಕಾಯಿಲೆಗೆ ಅದು ಹೇಳಿ ಮಾಡಿಸಿದ ಜಾಗ. ಎಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್ ಪಕ್ಕದಲ್ಲಿ, ಎಂಜಿನ್ ಕವರಿನ ಒಳಗೆ ಅದು ಕೂತಿರುತ್ತದೆ. ಎಷ್ಟೋ ಬೈಕುಗಳಲ್ಲಿ ಬಿಸಿ ಆಯಿಲ್ ಅದರ ಮೇಲೆ ಸಿಡಿಯುತ್ತಲೇ ಇರುತ್ತದೆ. ಒಳಗೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ನೂರಾರು ಸುತ್ತುಗಳು. ವರ್ಷಗಟ್ಟಲೆ ಬಿಸಿ, ತಣ್ಣಗೆ, ಬಿಸಿ, ತಣ್ಣಗೆ ಆಗಿ ಆ ತಂತಿ ಎಲ್ಲೋ ಒಂದು ಕಡೆ, ಹೆಚ್ಚಾಗಿ ಹೊರಗಿನ ವೈರಿಗೆ ಬೆಸುಗೆ ಹಾಕಿದ ಜಾಗದಲ್ಲಿ, ಬಿರುಕು ಬಿಡುತ್ತದೆ. ತಣ್ಣಗಿರುವಾಗ ಬಿರುಕಿನ ಎರಡು ತುದಿ ಒಂದಕ್ಕೊಂದು ತಾಗಿಕೊಂಡು ಕರೆಂಟ್ ಹರಿಯುತ್ತದೆ. ಬಿಸಿಗೆ ಹಿಗ್ಗಿದಾಗ ತುದಿಗಳು ದೂರ ಸರಿಯುತ್ತವೆ. ಸಿಡಿಐಗೆ 'ಈಗ ಕಿಡಿ ಹಾರಿಸು' ಅನ್ನುವ ಸಿಗ್ನಲ್ಲೇ ಬರುವುದಿಲ್ಲ. ಬಿರುಕು ಪೂರ್ತಿ ಬಿಡುವ ಮುಂಚೆ ಒಂದು ಕ್ಷಣ ಬಿಟ್ಟು ಕೂಡಿಕೊಂಡರೆ ನಿಮ್ಮ ಆ ಢಬ್ ಶಬ್ದ ಬರುತ್ತದೆ.

ಕೀ ಆಫ್ ಮಾಡಿ, ಕಪ್ಲರ್ ಬಿಚ್ಚಿ, ಎಂಜಿನ್ ಕಡೆಯಿಂದ ಬರುವ ತುದಿಗೆ ಮೀಟರ್ ಇಡಿ. ಎಂಜಿನ್ ಕವರ್ ತೆಗೆಯುವ ಅಗತ್ಯವೇ ಇಲ್ಲ. ಇಲ್ಲಿ ಬಹಳ ಜನ ಒಂದು ಕಡೆ ಎಡವುತ್ತಾರೆ. ಚೀಟಿಯಲ್ಲಿ 200 ಅಂತ ಇದೆ, ಈಗ ಮೀಟರ್ 260 ತೋರಿಸುತ್ತಿದೆ, ಹಾಗಾದರೆ ಕಾಯಿಲ್ ಹೋಗಿದೆ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಹೋಗಿಲ್ಲ. ತಾಮ್ರ ಬಿಸಿಯಾದಂತೆ ಅದರ ರೆಸಿಸ್ಟೆನ್ಸ್ ಡಿಗ್ರಿಗೆ ಸುಮಾರು 0.4 ಶೇಕಡಾ ಏರುತ್ತದೆ. 25 ಡಿಗ್ರಿಯಿಂದ 100 ಡಿಗ್ರಿಗೆ ಹೋದರೆ 200 ಓಮ್ಸ್ ಸುಮಾರು 260 ಆಗುವುದು ತಾಮ್ರದ ಸ್ವಭಾವ. ಕೆಟ್ಟ ಕಾಯಿಲ್ ಅಷ್ಟಕ್ಕೆ ನಿಲ್ಲುವುದಿಲ್ಲ. ಮೀಟರ್ ಏನೂ ಓದದೆ ಓಪನ್ ಅಂತ ತೋರಿಸುತ್ತದೆ, ಇಲ್ಲವೇ ಅಂಕಿಗಳು ಸಾವಿರಕ್ಕೆ ಹಾರಿ, ಇಳಿದು, ಮತ್ತೆ ಹಾರುತ್ತವೆ. ಮೀಟರನ್ನು ಹಾಗೇ ಇಟ್ಟು ಐದು ನಿಮಿಷ ಕಾಯಿರಿ. ಎಂಜಿನ್ ತಣ್ಣಗಾಗುತ್ತಿದ್ದಂತೆ ಅಂಕಿ ತಾನಾಗಿ ವಾಪಸ್ ಬಂದು ಕೂತರೆ ಕಳ್ಳ ಸಿಕ್ಕಿಬಿದ್ದ ಹಾಗೆ.

ಅಲ್ಲಿ ಓದು ಸರಿ ಇದ್ದರೆ ಎಚ್‌ಟಿ ಕಾಯಿಲ್ ಮತ್ತು ಪ್ಲಗ್ ಕ್ಯಾಪ್. ಕ್ಯಾಪನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರೆಸಿಸ್ಟರ್ ಇರುವ ಕ್ಯಾಪಿನಲ್ಲಿ ಸಾಮಾನ್ಯವಾಗಿ 5 ಕಿಲೋ ಓಮ್ಸ್ ಇರಬೇಕು. ಹಳೆಯದಾದರೆ ಅದು ಎಲ್ಲೆಲ್ಲೋ ಹೋಗಿರುತ್ತದೆ. ಎಷ್ಟೋ ಬೈಕುಗಳಲ್ಲಿ ಕ್ಯಾಪ್ ವೈರಿನಿಂದ ತಿರುಗಿಸಿ ಬಿಚ್ಚಲು ಬರುತ್ತದೆ. ವೈರಿನ ತುದಿ ಹಸಿರುಗಟ್ಟಿದ್ದರೆ ಅಥವಾ ಕಪ್ಪಾಗಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ತಿರುಗಿಸಿ. ಎಚ್‌ಟಿ ಕಾಯಿಲಿಗೆ ಒಂದು ಸುಲಭದ ಉಪಾಯ ಇದೆ. ಕೀ ಆಫ್ ಮಾಡಿ, ಒದ್ದೆ ಬಟ್ಟೆಯನ್ನು ಕಾಯಿಲಿಗೆ ಸುತ್ತಿ ಎರಡು-ಮೂರು ನಿಮಿಷ ಬಿಡಿ. ಆಮೇಲೆ ಚೆನ್ನಾಗಿ ಒರೆಸಿ ಸ್ಪಾರ್ಕ್ ನೋಡಿ. ಹದಿನೈದು ನಿಮಿಷ ಹಿಡಿಯುತ್ತಿದ್ದದ್ದು ಮೂರೇ ನಿಮಿಷಕ್ಕೆ ಬಂದರೆ ಅದೇ ಕಾಯಿಲ್ ಕಾರಣ. ಮೀಟರಿನ ಓದು ಮಾತ್ರ ನಂಬಿ ಎಚ್‌ಟಿ ಕಾಯಿಲಿಗೆ ಕ್ಲೀನ್ ಚಿಟ್ ಕೊಡಬೇಡಿ. ಮೀಟರ್ ಅಳೆಯುವುದು ಒಂದೆರಡು ವೋಲ್ಟಿನಲ್ಲಿ. ಕಾಯಿಲ್ ಕೆಲಸ ಮಾಡುವುದು ಸಾವಿರಾರು ವೋಲ್ಟಿನಲ್ಲಿ. ಒಳಗಿನ ಇನ್ಸುಲೇಷನ್ ಬಿಸಿಗೆ ಸೋಲುವುದು ಮೀಟರಿಗೆ ಕಾಣುವುದಿಲ್ಲ.

ಸಿಡಿಐ ಸರದಿ ಇಷ್ಟೆಲ್ಲಾ ಆದ ಮೇಲೆ. ಅದನ್ನು ಮಲ್ಟಿಮೀಟರಿನಲ್ಲಿ ನಂಬಿಕೆಯಿಂದ ಪರೀಕ್ಷೆ ಮಾಡಲು ಬರುವುದಿಲ್ಲ. ಅದೇ ಮಾಡೆಲಿನ, ಚೆನ್ನಾಗಿ ಓಡುವ ಇನ್ನೊಂದು ಬೈಕಿನದನ್ನು ತಾತ್ಕಾಲಿಕವಾಗಿ ಹಾಕಿ ನೋಡುವುದೊಂದೇ ದಾರಿ. ಪರಿಚಯದವರ ಬೈಕು ಇದ್ದರೆ ಕೇಳಿ. ಹೊಸದು ಕೊಂಡು ಪರೀಕ್ಷೆ ಮಾಡುವುದು ಕೊನೆಯ ಮಾತು.

ಸ್ಪಾರ್ಕ್ ಚೆನ್ನಾಗಿದ್ದೂ ಬೈಕು ಸ್ಟಾರ್ಟ್ ಆಗದಿದ್ದರೆ ಆಗ ಪೆಟ್ರೋಲ್ ಕಡೆ ಬನ್ನಿ. ಟ್ಯಾಂಕಿನ ಮುಚ್ಚಳವನ್ನು ನಿಧಾನವಾಗಿ, ಕಿವಿ ಹತ್ತಿರ ಇಟ್ಟು ತೆಗೆಯಿರಿ. 'ಸ್ಸ್' ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿ ರಂಧ್ರ ಕಟ್ಟಿದೆ. ಕುಡಿಯುವ ಕೊಳವೆಯ ಮೇಲಿನ ಬಾಯಿಗೆ ಬೆರಳು ಒತ್ತಿದರೆ ಒಳಗಿನ ನೀರು ಕೆಳಗೆ ಬೀಳುವುದಿಲ್ಲ, ಅಲ್ವಾ? ಇಲ್ಲೂ ಅದೇ ಆಗುತ್ತದೆ. ಇದೂ ನಿಮ್ಮ ಬೈಕಿನ ಥರವೇ ನಾಟಕ ಆಡುತ್ತದೆ. ಅರ್ಧ ಗಂಟೆ ಓಡಿ ನಿಲ್ಲುತ್ತದೆ, ಸ್ವಲ್ಪ ಹೊತ್ತಿಗೆ ಗಾಳಿ ಹೇಗೋ ನುಸುಳಿ ಸರಿಯಾಗುತ್ತದೆ. ಟ್ಯಾಂಕ್ ತುಂಬಿಸಿದ ದಿನವೇ ಬೇಗ ನಿಲ್ಲುತ್ತದೆ ಅನ್ನುವವರಿಗೆ ಮುಚ್ಚಳದ ಮೇಲೆ ಜಾಸ್ತಿ ಅನುಮಾನ ಇರಲಿ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಜಾಗ ಕಡಿಮೆ, ನಿರ್ವಾತ ಬೇಗ ಆಗುತ್ತದೆ. ಮುಚ್ಚಳ ತೆಗೆದ ಕೂಡಲೇ ಸಮಸ್ಯೆ ಮಾಯ ಆಗುತ್ತದೆ, ಹಾಗಾಗಿ ಆ ಶಬ್ದ ಕೇಳಿಸಿಕೊಳ್ಳಲು ನಿಮಗೆ ಸಿಗುವುದು ಒಂದೇ ಅವಕಾಶ.

ಶಬ್ದ ಬರದಿದ್ದರೆ ಬೌಲ್‌ನ ತಳದ ಡ್ರೈನ್ ಸ್ಕ್ರೂ ಸಡಿಲ ಮಾಡಿ, ಡಬ್ಬಿಗೆ ಪೆಟ್ರೋಲ್ ಬಿಡಿ. ಮೊದಲು ಬೌಲ್‌ನಲ್ಲಿ ಇದ್ದದ್ದು ಬರುತ್ತದೆ. ಅದು ಮುಗಿದ ಮೇಲೂ ಧಾರೆ ಹಾಗೇ ಬರುತ್ತಿರಬೇಕು. ತೊಟ್ಟಿಕ್ಕಲು ಶುರುವಾದರೆ ಟ್ಯಾಂಕಿನೊಳಗಿನ ಜಾಲರಿ, ಕಾಕ್, ಪೈಪಿನ ಮಡಚು ನೋಡಬೇಕು. ಕೆಲವು ಬೈಕುಗಳಲ್ಲಿ ಎಂಜಿನ್ ಎಳೆತದಿಂದಲೇ ತೆರೆಯುವ ಕಾಕ್ ಇರುತ್ತದೆ. ಅದರಲ್ಲಿ ಎಂಜಿನ್ ನಿಂತಾಗ ಪೆಟ್ರೋಲ್ ಬರದಿರುವುದೇ ಸರಿ, ಗಾಬರಿ ಬೇಡ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚೆಲ್ಲದಂತೆ ನೋಡಿಕೊಳ್ಳಿ. ಡಬ್ಬಿಯ ತಳದಲ್ಲಿ ನೀರಿನ ಗುಳ್ಳೆಗಳು ಬೇರೆಯಾಗಿ ಉರುಳುತ್ತಿದ್ದರೆ ಟ್ಯಾಂಕ್ ಖಾಲಿ ಮಾಡಿ ತೊಳೆಯಲೇಬೇಕು.

ಸ್ಪಾರ್ಕೂ ಇದೆ, ಪೆಟ್ರೋಲೂ ಇದೆ, ಆದರೂ ಬಿಸಿಯಲ್ಲಿ ಮಾತ್ರ ಸ್ಟಾರ್ಟ್ ಆಗುವುದಿಲ್ಲ ಅಂದರೆ ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಣ್ಣ ಗ್ಯಾಪ್ ನೋಡಬೇಕು. ಗ್ಯಾಪ್ ಕಡಿಮೆಯಾಗಿದ್ದರೆ ಬಿಸಿಗೆ ಉದ್ದವಾದ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಕಂಪ್ರೆಷನ್ ಸೋರುತ್ತದೆ. ಸಣ್ಣ ಎಂಜಿನ್ನುಗಳಲ್ಲಿ ಈ ಗ್ಯಾಪ್ ಸುಮಾರು 0.1 ಮಿಲಿಮೀಟರ್ ಆಸುಪಾಸು. ತಣ್ಣಗಿರುವಾಗ ಫೀಲರ್ ಗೇಜಿನಲ್ಲಿ ನೋಡಿಸಿ. ಕಿವಿಗೆ ಟಕಟಕ ಕೇಳಿಸಬಾರದು ಅಂತ ಬಿಗಿ ಮಾಡಿಸುವ ಅಭ್ಯಾಸ ಬಹಳ ಜನರಿಗಿದೆ. ಸ್ವಲ್ಪ ಟಕಟಕ ಇರುವ ಎಂಜಿನ್ನೇ ವಾಸಿ. ನಿಮ್ಮ ಬೈಕಿಗೆ ಇದು ಹೊಂದುವುದಿಲ್ಲ, ಟ್ಯಾಪೆಟ್ ಬಿಗಿಯಾದ ಬೈಕು ಓಡುತ್ತಾ ಓಡುತ್ತಾ ಒಂದು ಕ್ಷಣ ಬಂದ್ ಆಗಿ ಢಬ್ ಅನ್ನುವುದಿಲ್ಲ.

ಬಿಸಿಗೂ ಇದಕ್ಕೂ ಸಂಬಂಧ ಇಲ್ಲ, ಗುಂಡಿ ಹಾರಿದಾಗ ಅಥವಾ ಹ್ಯಾಂಡಲ್ ತಿರುಗಿಸಿದಾಗ ನಿಲ್ಲುತ್ತದೆ ಅಂತ ಯಾವಾಗಲಾದರೂ ಅನಿಸಿದರೆ ಹುಡುಕುವ ಜಾಗವೇ ಬದಲಾಗುತ್ತದೆ. ಎಂಜಿನ್ ಐಡ್ಲಿಂಗಿನಲ್ಲಿ ಇಟ್ಟು ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಕೀಯನ್ನು, ಕಿಲ್ ಸ್ವಿಚ್ಚನ್ನು ಮೆಲ್ಲಗೆ ಅಲ್ಲಾಡಿಸಿ. ಸೈಡ್ ಸ್ಟ್ಯಾಂಡ್ ಸ್ವಿಚ್ ಇದ್ದರೆ ಅದನ್ನೂ ತಟ್ಟಿ ನೋಡಿ. ಹೆಡ್‌ಲೈಟ್ ಹಿಂದಿನ ವೈರುಗಳು ಮೇಲಿನಿಂದ ನೋಡಿದರೆ ಚೆನ್ನಾಗೇ ಇರುತ್ತವೆ, ಒಳಗಿನ ತಾಮ್ರದ ಎಳೆಗಳು ತುಂಡಾಗಿರುತ್ತವೆ. ಅನುಮಾನ ಬಂದ ವೈರನ್ನು ಎರಡು ಬೆರಳಲ್ಲಿ ಹಿಡಿದು ನಯವಾಗಿ ಎಳೆಯಿರಿ. ಒಳಗೆ ತುಂಡಾದ ಕಡೆ ಮಾತ್ರ ಅದು ರಬ್ಬರಿನಂತೆ ಮೆತ್ತಗೆ ಹಿಗ್ಗುತ್ತದೆ. ಬೇರೆ ಕಡೆ ಹಿಗ್ಗುವುದೇ ಇಲ್ಲ. ಕಿಲ್ ಸ್ವಿಚ್ಚಿನ ವೈರು ಚಾಸಿಗೆ ಉಜ್ಜಿ ಮೇಲಿನ ಪದರ ಹರಿದಿದ್ದರೂ, ಕೆಲವು ಬೈಕುಗಳಲ್ಲಿ ಅದು ಚಾಸಿಗೆ ತಾಗಿದಾಗಲೆಲ್ಲಾ ಸ್ಪಾರ್ಕ್ ಸಾಯುತ್ತದೆ.

ಎಫ್‌ಐ ಬೈಕು (ಕಾರ್ಬುರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್ ಇರುವಂಥದ್ದು) ಇರುವವರಿಗೂ ಒಂದು ಮಾತು. ಕೀ ಆನ್ ಮಾಡಿದಾಗ ಪೆಟ್ರೋಲ್ ಪಂಪ್ ಒಂದೆರಡು ಸೆಕೆಂಡ್ ಗುಂಯ್ ಅನ್ನಬೇಕು. ಬೈಕು ನಿಂತಾಗ ಆ ಸದ್ದು ಇದೆಯೋ ಇಲ್ಲವೋ ಕೇಳಿಸಿಕೊಳ್ಳಿ. ಎಂಜಿನ್ ಲೈಟು ಎಷ್ಟು ಸಲ ಮಿಣುಕುತ್ತದೆ ಅಂತ ವಿಡಿಯೋ ಮಾಡಿಕೊಳ್ಳಿ. ಬ್ಯಾಟರಿ ಟರ್ಮಿನಲ್ ಸಡಿಲ ಇದ್ದರೂ ಈ ಬೈಕುಗಳು ಇದೇ ನಾಟಕ ಆಡುತ್ತವೆ. ಎಂಜಿನ್ ರೇಸ್ ಮಾಡಿದಾಗ ಬ್ಯಾಟರಿ ಮೇಲೆ 13.5ರಿಂದ 14.5 ವೋಲ್ಟ್ ಇರಬೇಕು.

ನಿಮ್ಮ ವಿಷಯಕ್ಕೆ ವಾಪಸ್ ಬಂದರೆ, ನನ್ನ ಮೊದಲ ಅನುಮಾನ ಪಿಕಪ್ ಕಾಯಿಲ್, ಎರಡನೆಯದು ಎಚ್‌ಟಿ ಕಾಯಿಲ್ ಮತ್ತು ಕ್ಯಾಪ್, ಮೂರನೆಯದು ಸಿಡಿಐ. ಪಿಕಪ್ ಕಾಯಿಲ್ ಬದಲಾಯಿಸುವುದಾದರೆ, ಎಷ್ಟೋ ಬೈಕುಗಳಲ್ಲಿ ಅದು ಸ್ಟೇಟರ್ ಪ್ಲೇಟಿನ (ಕರೆಂಟ್ ತಯಾರಿಸುವ ಕಾಯಿಲುಗಳಿರುವ ಪ್ಲೇಟು) ಜೊತೆಗೇ ಬರುತ್ತದೆ, ಬಿಡಿಯಾಗಿ ಸಿಗುತ್ತದೋ ಮೊದಲೇ ಕೇಳಿ. ಕವರ್ ತೆಗೆದರೆ ಗ್ಯಾಸ್ಕೆಟ್ ಹೊಸದು ಹಾಕಿಸಿ. ಮುಚ್ಚುವ ಮುಂಚೆ ಮ್ಯಾಗ್ನೆಟ್ ಒಳಗೆ ಬೆರಳಾಡಿಸಿ ನೋಡಲು ಹೇಳಿ, ಬಿದ್ದ ಸ್ಕ್ರೂ ಅಥವಾ ವಾಷರ್ ಅಲ್ಲೇ ಅಂಟಿಕೊಂಡಿದ್ದರೆ ಸ್ಟಾರ್ಟ್ ಮಾಡಿದ ಕೂಡಲೇ ಹೊಸ ಕಾಯಿಲನ್ನು ಅದೇ ಪುಡಿ ಮಾಡುತ್ತದೆ.

ತೆಗೆದ ಹಳೆ ಕಾಯಿಲನ್ನು ಬಿಸಾಡಬೇಡಿ, ಮನೆಗೆ ತನ್ನಿ. ಮೀಟರ್ ಜೋಡಿಸಿ, ಕೂದಲು ಒಣಗಿಸುವ ಡ್ರೈಯರಿನಿಂದ ಹತ್ತಿರದಲ್ಲಿ ಬಿಸಿಗಾಳಿ ಬಿಡಿ, ವೈರಿನ ಬುಡವನ್ನು ಸ್ವಲ್ಪ ಅಲ್ಲಾಡಿಸುತ್ತಾ ಇರಿ. ಓದು ನಿಧಾನವಾಗಿ ಏರಿ ಏರಿ ಒಮ್ಮೆಲೇ ಓಪನ್ ಆದರೆ ನಿಮ್ಮ ಬೈಕಿನ ಕಾಯಿಲೆ ಅದೇ. ಎಷ್ಟು ಬಿಸಿ ಮಾಡಿದರೂ ಜಪ್ಪಯ್ಯ ಅನ್ನದಿದ್ದರೆ, ಬೈಕು ಸದ್ಯಕ್ಕೆ ಚೆನ್ನಾಗಿ ಓಡುತ್ತಿದ್ದರೂ ಸ್ಪೇರ್ ಪ್ಲಗ್ ಮತ್ತು ಮೀಟರನ್ನು ಬ್ಯಾಗಿನಿಂದ ತೆಗೆಯಬೇಡಿ. ಅದು ಇನ್ನೊಮ್ಮೆ ನಿಲ್ಲುವ ಸಾಧ್ಯತೆ ಇದೆ. ಆಗ ಸ್ಪಾರ್ಕ್ ಇತ್ತೋ ಇಲ್ಲವೋ ಅನ್ನುವುದನ್ನು ಮೊದಲು ಬರೆದು ಕಳಿಸಿ.